“ಅವರ ಪದ್ಧತಿ ಅವರಿಗೆ ಸರಿ, ನಾವ್ಯಾರು ಸರ್ ಹೇಳೋಕೆ?” ಈ ಹುಡುಗನಿಗೆ ಏನು ಹೇಳಲಿ?

ಪಿಯು_ಮೇಷ್ಟ್ರು (ಶುಕ್ರವಾರ)

ತುಮಕೂರು ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಮೊನ್ನೆ ಕ್ಲಾಸಿನಲ್ಲಿ ಆದದ್ದು ಇನ್ನೂ ತಲೆ ಕೊರೆಯುತ್ತಿದೆ.

ಗೊಲ್ಲರಹಟ್ಟಿಗಳ, ಅಂದರೆ ಕಾಡುಗೊಲ್ಲ ಸಮುದಾಯದವರು ಇರುವ ಹಟ್ಟಿಗಳ ಮಾತು ಬಂದಿತ್ತು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ನಮ್ಮ ಕಡೆ, ಚಿತ್ರದುರ್ಗದ ಕಡೆ ಇನ್ನೂ ಕೆಲವು ಹಟ್ಟಿಗಳಲ್ಲಿದೆ. 2023ರ ಜುಲೈನಲ್ಲಿ ತುಮಕೂರಿನ ಹತ್ತಿರವೇ ಊರಾಚೆ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ತೀರಿಕೊಂಡದ್ದನ್ನು ಹೇಳಿದೆ. ಆಗ ಒಬ್ಬ ಹುಡುಗ ಎದ್ದು ನಿಂತ. ಒಳ್ಳೆ ಹುಡುಗ, ಚೆನ್ನಾಗಿ ಓದುತ್ತಾನೆ. ಹಟ್ಟಿಯವನಲ್ಲ. “ಸರ್, ಅದು ಅವರ ಪದ್ಧತಿ, ಅವರಿಗೆ ಸರಿ. ನಮ್ಮ ಮನೇದು ನಮಗೆ ಸರಿ. ಸರಿ ತಪ್ಪು ಊರಿಂದ ಊರಿಗೆ ಬೇರೆ ಬೇರೆ ಅಲ್ವಾ? ನಾವ್ಯಾರು ಸರ್ ಹೇಳೋಕೆ?” ಎಂದ. ಅರ್ಧ ಕ್ಲಾಸು ಚಪ್ಪಾಳೆ ಹೊಡೆಯಿತು.

“ಮಗು ಸತ್ತಿದೆಯಲ್ಲಪ್ಪ” ಎಂದೆ. “ಆಸ್ಪತ್ರೆಯಲ್ಲೂ ಸಾಯುತ್ತವೆ ಸರ್” ಎಂದ. ಅಷ್ಟರಲ್ಲಿ ಬೆಲ್ ಆಯಿತು.

ನನಗೆ ಕಷ್ಟ ಆಗಿರುವುದು ಎಲ್ಲಿ ಅಂದರೆ, ಅವನ ಮಾತಿನ ಹಿಂದೆ ಒಂದು ಒಳ್ಳೆಯ ಗುಣ ಇದೆ. ಇನ್ನೊಬ್ಬರನ್ನು ಕೀಳಾಗಿ ನೋಡಬಾರದು ಅನ್ನುವುದು ಅವನ ಮನಸ್ಸಿನಲ್ಲಿದೆ. ಅದನ್ನು ನಾನು ಮುರಿಯಬಾರದು. ಆದರೆ ಆ ಮಾತನ್ನು ಹಾಗೇ ಬಿಡಲೂ ಆಗುವುದಿಲ್ಲ. ಬರುವ ಗುರುವಾರ ಅದೇ ಕ್ಲಾಸು ಇದೆ. ಏನು ಹೇಳಲಿ?

ರಾಗಿಮುದ್ದೆ88

ತುಂಬಾ ಸುಲಭ. “ಎಲ್ಲಾ ಅವರವರಿಗೆ ಸರಿ” ಅನ್ನುವ ಮಾತು ಎಲ್ಲರಿಗೂ ಸರಿನಾ ಅಂತ ಕೇಳಿ. ಹೌದು ಅಂದರೆ ಎಲ್ಲರಿಗೂ ಅನ್ವಯಿಸುವ ಒಂದು ಮಾತು ಸಿಕ್ಕಿತು. ಇಲ್ಲ ಅಂದರೆ ನಾವು ಒಪ್ಪಬೇಕಾಗಿಲ್ಲ. ಮುಗೀತು.

ಪಿಯು_ಮೇಷ್ಟ್ರು

ಇದು ನನಗೂ ಹೊಳೆದಿತ್ತು. ಆದರೆ ಇದರಿಂದ ಹುಡುಗನ ಬಾಯಿ ಮುಚ್ಚುತ್ತದೆ ಅಷ್ಟೇ. ಮೇಷ್ಟ್ರು ಮಾತಲ್ಲಿ ಸಿಕ್ಕಿಸಿದರು ಅಂದುಕೊಂಡು ಮನೆಗೆ ಹೋಗುತ್ತಾನೆ. ಮನಸ್ಸು ಬದಲಾಗುವುದಿಲ್ಲ.

ಕಾಡುದಾರಿ

ನಾನು ಆ ಹುಡುಗನ ಪರ. ಯಾಕೆ ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

“ನಿಮ್ಮದು ತಪ್ಪು, ನಮ್ಮದು ಸರಿ” ಅಂತ ಹೊರಗಿನವರು ಬಂದು ಹೇಳಿದಾಗಲೆಲ್ಲ ಏನಾಯಿತು ನೋಡಿ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿದರು. ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಬೇಕು, ಬೇರೆ ಊರಿಗೆ ಹೋಗಲು ಪರವಾನಗಿ ಬೇಕು. ಆ ಕಾಯ್ದೆ ಹೋಗಿದ್ದು 1952ರಲ್ಲಿ. ಅದನ್ನು ಬರೆದವರಿಗೂ ತಾವು ಒಳ್ಳೆಯದೇ ಮಾಡುತ್ತಿದ್ದೇವೆ ಅನ್ನುವ ನಂಬಿಕೆ ಇತ್ತು.

ಒಂದು ಸಮಾಜವನ್ನು ಅದರ ಒಳಗಿನಿಂದ ನೋಡಿ ಅನ್ನುವ ಮಾತು ಸೋಮಾರಿಗಳು ಕಟ್ಟಿದ್ದಲ್ಲ. ಬಿಳಿಯರೇ ಮೇಲು ಅನ್ನುತ್ತಿದ್ದ ಕಾಲದಲ್ಲಿ ಫ್ರಾಂಜ್ ಬೋಯಸ್‌ನಂಥ ಮಾನವಶಾಸ್ತ್ರಜ್ಞರು ಅದರ ವಿರುದ್ಧ ಹೋರಾಡಿ ಕಟ್ಟಿದ್ದು. ಹಾಗಾಗಿ “ನಾವ್ಯಾರು ಹೇಳೋಕೆ” ಅನ್ನುವುದನ್ನು ಹುಡುಗಾಟ ಅಂದುಕೊಳ್ಳಬೇಡಿ. ಪೆಟ್ಟು ತಿಂದು ಕಲಿತ ಮಾತು ಅದು.

ಹಾಸನದ_ವಕೀಲ

ಇಲ್ಲಿ “ನಾವ್ಯಾರು” ಅನ್ನುವ ಪ್ರಶ್ನೆಯೇ ಇಲ್ಲ ಸರ್. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅದರ ಅನುಸೂಚಿಯಲ್ಲೇ ಇದೆ. ಬೆತ್ತಲೆ ಸೇವೆಯೂ ಇದೆ. ನೇಪಾಳದಲ್ಲೂ ಇಂಥದ್ದೇ ಒಂದಿದೆ, ಛೌಪಡಿ ಅಂತ. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ನಿಲ್ಲಿಸಿ ಎಂದಿತ್ತು. 2017ರ ಕಾನೂನಿನಲ್ಲಿ ಮೂರು ತಿಂಗಳ ಜೈಲು ಅಥವಾ 3,000 ರೂಪಾಯಿ ದಂಡ ಇಟ್ಟರು.

ಕಾಡುದಾರಿ

ವಕೀಲರೇ, 1871ರದ್ದೂ ಕಾನೂನೇ ಆಗಿತ್ತು. ಕಾನೂನು ಇದೆ ಅಂದ ಮಾತ್ರಕ್ಕೆ ಸರಿ ಆಗಿಬಿಡುತ್ತಾ?

ಹಾಸನದ_ವಕೀಲ

ಇಲ್ಲ, ಒಪ್ಪಿದೆ. ಆದರೆ ಈಗ ನೀವೇ ಒಂದು ಮಾತು ಹೇಳಿದಿರಿ. 1871ರ ಕಾನೂನು ತಪ್ಪು ಅಂದಿರಿ. ಬ್ರಿಟಿಷರಿಗೆ ಅದು ಸರಿಯಾಗಿತ್ತಲ್ಲ? ಅವರ ಪದ್ಧತಿ ಅವರಿಗೆ ಅಂತ ಯಾಕೆ ಬಿಡಲಿಲ್ಲ?

ರಾಗಿಮುದ್ದೆ88

👏

ಡಬ್ಲಿನ್_ಕನ್ನಡತಿ

ಒಂದು ಅನುಭವ ಹೇಳಲಾ? ನನ್ನ ಅಜ್ಜಿ ಮದುವೆಯಾಗಿದ್ದು ಅವರ ಸೋದರಮಾವನನ್ನೇ. ನಮ್ಮ ಕಡೆ ಮಾಮೂಲು. ಇಲ್ಲಿ ಊಟದ ಹೊತ್ತಲ್ಲಿ ಸುಮ್ನೆ ಮಾತಿಗೆ ಹೇಳಿದೆ. ಎದುರು ಕೂತಿದ್ದವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ದೆಹಲಿ ಕಡೆಯ ಹುಡುಗನೊಬ್ಬ ಅವಳಿಗಿಂತ ಜಾಸ್ತಿ ಗಾಬರಿಯಾದ! ಅಜ್ಜಿ ತಾತ ಅರವತ್ತು ವರ್ಷ ಒಟ್ಟಿಗೆ ಬಾಳಿದರು. ಆವತ್ತು ನನಗೂ ಈ ಹುಡುಗನ ಹಾಗೇ ಅನ್ನಿಸಿತ್ತು. ನೀವ್ಯಾರು ಹೇಳೋಕೆ ಅಂತ.

ಮಂಡ್ಯ_ಎಂಜಿನಿಯರ್

ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆ ಬರುವ ಸಾಧ್ಯತೆ ಹೆಚ್ಚು ಅಕ್ಕ. ಅದು ವಿಜ್ಞಾನ.

ಡಬ್ಲಿನ್_ಕನ್ನಡತಿ

ಗೊತ್ತು ತಮ್ಮ. ಆ ಮಾತು ಬೇರೆ. ಅವರು ಅದನ್ನು ಹೇಳಿದ್ದರೆ ಕೇಳುತ್ತಿದ್ದೆ. ಅವರು ಅಂದಿದ್ದು “ಛೀ” ಅಂತ.

ಹಳೇ_ಚಾವಡಿ

ಈ “ಛೀ”ಗೆ ಎರಡೂವರೆ ಸಾವಿರ ವರ್ಷದ ಕಥೆ ಇದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದು. ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಸತ್ತ ಅಪ್ಪನ ದೇಹವನ್ನು ತಿನ್ನಲು ಎಷ್ಟು ಹಣ ಕೊಡಬೇಕು ಎಂದು ಕೇಳಿದ. ಎಷ್ಟು ಕೊಟ್ಟರೂ ಆಗದು ಎಂದರು. ಆಮೇಲೆ ಕಲ್ಲಾಟಿಯರು ಎಂಬ ಭಾರತದ ಕಡೆಯ ಜನರನ್ನು ಕರೆದ. ಅವರಲ್ಲಿ ಸತ್ತ ತಂದೆತಾಯಿಯನ್ನು ತಿನ್ನುವ ಪದ್ಧತಿ ಇತ್ತಂತೆ. ಅಪ್ಪನನ್ನು ಸುಡಲು ಎಷ್ಟು ಕೊಡಬೇಕು ಎಂದ. ಅಂಥ ಮಾತು ಆಡಲೇಬೇಡಿ ಎಂದು ಅವರು ಕೂಗಿಕೊಂಡರು. ಪದ್ಧತಿಯೇ ಎಲ್ಲರ ದೊರೆ ಅನ್ನುವುದು ಹೆರೊಡೋಟಸ್‌ಗೆ ಕಂಡದ್ದು. ನಿಮ್ಮ ಹುಡುಗನೂ ಅದನ್ನೇ ಹೇಳಿದ್ದಾನೆ.

ಆದರೆ ನನಗೆ ಈ ಕಥೆಯಲ್ಲಿ ಬೇರೆಯೇ ಕಾಣುತ್ತದೆ. ಆ ಎರಡೂ ಗುಂಪಿಗೆ ಬೇಕಾಗಿದ್ದು ಒಂದೇ. ಅಪ್ಪನ ಹೆಣಕ್ಕೆ ಮರ್ಯಾದೆ ಆಗಬೇಕು. ಹೇಗೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಇಂಥ ಕಡೆ “ಅವರದು ಅವರಿಗೆ” ಅನ್ನುವುದು ಸರಿಯೇ. ಡಬ್ಲಿನ್ ಮೇಡಂ ಅವರ ಅಜ್ಜಿಯ ಮದುವೆಯೂ ಬಹುಮಟ್ಟಿಗೆ ಈ ಲೆಕ್ಕಕ್ಕೆ ಬರುತ್ತದೆ. ಯಾರಿಗೂ ಕೇಡಾಗದ ಪದ್ಧತಿಗೂ, ಒಬ್ಬರ ಮೈಮೇಲೆ ನಡೆಯುವ ಪದ್ಧತಿಗೂ ವ್ಯತ್ಯಾಸ ಇದೆ ಅಂತ ಮೊದಲು ಒಪ್ಪಿಸಿ ಮೇಷ್ಟ್ರೇ.

ಹಟ್ಟಿ_ಮಗಳು

ಇಲ್ಲಿ ಯಾವತ್ತೂ ಬರೆದವಳಲ್ಲ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಾನು ಕಾಡುಗೊಲ್ಲರವಳು. ಈಗ ಬೆಂಗಳೂರಿನಲ್ಲಿ ಕೆಲಸ. ನಮ್ಮ ಹಟ್ಟಿಯ ಹೆಸರು ಬೇಡ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ದಿನ ನಾನು ಹೊರಗಾದೆ. ಗುಡಿಸಲು ತೆಂಗಿನ ಗರಿಯದು. ಒಬ್ಬರು ಮಲಗಿದರೆ ಇನ್ನೊಬ್ಬರು ಕೂತೇ ಇರಬೇಕು, ಅಷ್ಟು ಜಾಗ. ಆವತ್ತು ನಾನೊಬ್ಬಳೇ. ಅವ್ವ ಮುದ್ದೆ ತಟ್ಟೆ ತಂದು ದೂರದಲ್ಲಿ ಇಟ್ಟು ಹಿಂದೆ ಸರಿದಳು. ನಾನು ಹೋಗಿ ತಗೊಂಡೆ. ಮುದ್ದೆ ಆರಿತ್ತು. ಬೀದಿ ದೀಪ ಇದ್ದದ್ದು ಹಟ್ಟಿಯ ಬೇಲಿಯ ಒಳಗೆ. ಅದರ ಬೆಳಕು ಗುಡಿಸಲ ತನಕ ಬರುತ್ತಿರಲಿಲ್ಲ. ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ, ಒಂದಕ್ಷರ ಕಾಣಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಬೇಲಿ ಆ ಕಡೆಯಿಂದ ಕೆಮ್ಮು ಕೇಳಿಸಿತು. ಅವ್ವನ ಕೆಮ್ಮು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಅವಳಿಗೆ ಕೆಮ್ಮು ಇರಲಿಲ್ಲ. ನನಗೆ ಭಯ ಆಗಬಾರದು ಅಂತ ಬೇಲಿ ಪಕ್ಕ ಕೂತು, ಇದ್ದೀನಿ ಅಂತ ಗೊತ್ತಾಗಲಿ ಅಂತ ಕೆಮ್ಮುತ್ತಿದ್ದಳು. ಬೆಳಗಿನ ಜಾವದವರೆಗೂ ಕೆಮ್ಮಿದಳು.

ಆ ಹುಡುಗನನ್ನು ಒಂದೇ ಕೇಳಿ ಸರ್. “ಅವರಿಗೆ ಸರಿ” ಅಂದನಲ್ಲ, ಅವರು ಅಂದರೆ ಯಾರು? ನನ್ನನ್ನು ಕೇಳಿದನಾ? ಅವ್ವನಿಗೆ ಅದು ನಿಜಕ್ಕೂ ಸರಿ ಅನ್ನಿಸಿದ್ದರೆ ಯಾಕೆ ರಾತ್ರಿಯಿಡೀ ಅಲ್ಲಿ ಕೂರುತ್ತಿದ್ದಳು? ಯಜಮಾನರು, ಪೂಜಾರಪ್ಪ ಹೇಳಿದ್ದೇ ಹಟ್ಟಿಯ ಮಾತು, ನನ್ನದು ಹಟ್ಟಿಯ ಮಾತಲ್ವಾ?

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಜನರನ್ನು ಮೂಢರು, ಕಾಡುಜನ ಅಂತ ಯಾರಾದರೂ ಅಂದರೆ ನಾನು ನಮ್ಮ ಜನರ ಪರವೇ ನಿಲ್ಲುತ್ತೇನೆ. ನಮ್ಮ ದೈವ ಜುಂಜಪ್ಪನ ಪದ ಹಾಡುವಾಗ ನಮ್ಮಜ್ಜಿಯ ಗಂಟಲು ಕೇಳಿದವರು ಆ ಮಾತು ಆಡಲಾರರು. ನಮ್ಮದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಇದು ಮಾತ್ರ ತಪ್ಪು.

ಡಬ್ಲಿನ್_ಕನ್ನಡತಿ

ಓದಿ ಕಣ್ಣು ತುಂಬಿತು ತಂಗಿ. ಬರೆದಿದ್ದು ಬಹಳ ಒಳ್ಳೆಯದಾಯಿತು.

ಕಾಡುದಾರಿ

ಹಟ್ಟಿ ಮಗಳು ಅವರೇ, ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. “ಅವರು” ಅಂತ ಹೇಳುವಾಗ ನಾನು ಒಂದು ಇಡೀ ಸಮುದಾಯಕ್ಕೆ ಒಂದೇ ಬಾಯಿ ಕೊಟ್ಟುಬಿಟ್ಟೆ. ಅದು ನನ್ನ ತಪ್ಪು. ಆದರೆ ನಿಮ್ಮ ಕೊನೆಯ ಮಾತು ನನ್ನ ಭಯವನ್ನೂ ಹೇಳುತ್ತದೆ. ಹೊರಗಿನವರು “ಇದು ತಪ್ಪು” ಅಂತ ಶುರು ಮಾಡಿ “ಇವರೇ ತಪ್ಪು” ಅನ್ನುವಲ್ಲಿಗೆ ಎಷ್ಟು ಬೇಗ ಬರುತ್ತಾರೆ!

ಹಳೇ_ಚಾವಡಿ

ಇದೇ ಮೇಷ್ಟ್ರಿಗೆ ಬೇಕಾದ ಕೊಂಡಿ. ಯಾವ ಸಮಾಜವೂ ಒಂದೇ ದನಿಯಲ್ಲಿ ಮಾತಾಡಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ “ನಮ್ಮ ಪದ್ಧತಿ ಕೆಟ್ಟಿತು” ಎಂದವರೂ ಕನ್ನಡದವರೇ, ಆ ಮದುವೆ ಮಾಡಿದವರೂ ಕನ್ನಡದವರೇ. ಸತಿ ನಿಷೇಧವನ್ನು 1829ರಲ್ಲಿ ಬೆಂಟಿಂಕ್ ತಂದ ಅನ್ನುತ್ತೇವೆ. ಅದಕ್ಕೂ ಹನ್ನೊಂದು ವರ್ಷ ಮೊದಲೇ ರಾಮಮೋಹನ ರಾಯರು ಬಂಗಾಳಿಯಲ್ಲಿ ಸತಿಯ ವಿರುದ್ಧ ಬರೆದಿದ್ದರು.

ಪದ್ಧತಿಯೇ ಸರಿ ತಪ್ಪಿನ ಅಳತೆ ಆದರೆ ಪದ್ಧತಿ ಬದಲಿಸಲು ಹೊರಟವರೆಲ್ಲ ಯಾವಾಗಲೂ ತಪ್ಪಿತಸ್ಥರೇ ಆಗಬೇಕು. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದ ಅಂಬೇಡ್ಕರ್ ತಪ್ಪು ಮಾಡಿದರು ಅನ್ನಬೇಕಾಗುತ್ತದೆ. ಅಲ್ಲಿನ ಪುರಸಭೆ ಆ ಕೆರೆ ಎಲ್ಲರಿಗೂ ಮುಕ್ತ ಎಂದು ಮೊದಲೇ ತೀರ್ಮಾನಿಸಿತ್ತು. ದಲಿತರನ್ನು ನೀರು ಮುಟ್ಟಲು ಬಿಡದೆ ಇದ್ದದ್ದು ಪದ್ಧತಿ. ನಿಮ್ಮ ಹುಡುಗ ಅಂಬೇಡ್ಕರ್ ತಪ್ಪು ಅನ್ನುತ್ತಾನಾ, ಕೇಳಿ ನೋಡಿ.

ಮಂಡ್ಯ_ಎಂಜಿನಿಯರ್

ಮಾನವ ಹಕ್ಕು ಎಲ್ಲಾ ಪಶ್ಚಿಮದ ಸರಕು ಅಂತ ನಮ್ಮ ಆಫೀಸಲ್ಲಿ ಒಬ್ಬರು ಯಾವಾಗಲೂ ಹೇಳುತ್ತಾರೆ. ಅದಕ್ಕೆ ಏನು ಹೇಳುವುದು?

ಹಳೇ_ಚಾವಡಿ

1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಸಾಲನ್ನು ತಿದ್ದಿಸಿದ್ದು ಗುಜರಾತಿನ ಹಂಸಾ ಮೆಹ್ತಾ. “ಎಲ್ಲ ಪುರುಷರೂ” ಎಂಬ ಅರ್ಥ ಬರುತ್ತಿದ್ದ ಕಡೆ “ಎಲ್ಲ ಮನುಷ್ಯರೂ” ಅಂತ ಆಗಬೇಕು ಎಂದು ಪಟ್ಟು ಹಿಡಿದರು. ಆ ಸಾಲು ಪಶ್ಚಿಮದ್ದೋ, ನಮ್ಮದೋ?

ಕಾಡುದಾರಿ

ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ ಇಂಥ ಘೋಷಣೆಯ ಬಗ್ಗೆ ಅನುಮಾನ ಎತ್ತಿತ್ತು. ಒಂದು ಕಡೆಯ ಮೌಲ್ಯವನ್ನು ಎಲ್ಲರ ಮೇಲೆ ಹೇರಿದ ಹಾಗಾಗುತ್ತದೆ ಅನ್ನುವುದು ಅವರ ವಾದ. ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರ ತನ್ನದೇ ಘೋಷಣೆ ಹೊರಡಿಸಿತು. ನಾನು ಇಲ್ಲಿ ಒಂದು ರಾತ್ರಿಯಲ್ಲಿ ನಡೆದ ದಾರಿಯನ್ನು ಅವರು ಐವತ್ತು ವರ್ಷ ನಡೆದರು.

ನಿವೃತ್ತ_ಸಿಸ್ಟರ್

ಮಕ್ಕಳೇ, ನಾನು ಮೂವತ್ತು ವರ್ಷ ಹಳ್ಳಿಗಳಲ್ಲಿ ನರ್ಸ್ ಆಗಿದ್ದವಳು. ನಿಮ್ಮಷ್ಟು ಓದಿಲ್ಲ. ಆದರೆ ಇದನ್ನು ಮಾತಾಡುವ ರೀತಿ ಹೇಗೆ ಅಂತ ನನಗೆ ಗೊತ್ತು.

ಮೊದಮೊದಲು ನಾನೂ ಬೈಯುತ್ತಿದ್ದೆ. ಬಾಣಂತಿನ ಒಳಗೆ ಕರ್ಕೊಳ್ಳಿ, ಇಲ್ಲದಿದ್ದರೆ ಪೊಲೀಸರಿಗೆ ಹೇಳ್ತೀನಿ ಅಂತ. ಮುಂದಿನ ಸಲ ಹೋದಾಗ ಬಾಣಂತಿಯನ್ನೇ ಬಚ್ಚಿಟ್ಟರು. ಅವಳಿಗೆ ಜ್ವರ ಇತ್ತು, ನನಗೆ ಗೊತ್ತೇ ಆಗಲಿಲ್ಲ. ಆ ತಪ್ಪು ನನ್ನದು.

ಆಮೇಲೆ ಬೈಯುವುದು ಬಿಟ್ಟೆ. ಒಂದು ಮನೆಯಲ್ಲಿ ಸೊಸೆಯನ್ನು ಹೊರಗಿಟ್ಟಿದ್ದ ಅಜ್ಜಿಯ ಪಕ್ಕ ಕೂತು, ನಿಮ್ಮ ಬಾಣಂತನ ಹೇಗಾಯಿತು ಅಜ್ಜಿ ಅಂತ ಕೇಳಿದೆ. ಎಲೆ ಅಡಿಕೆ ಹಾಕುತ್ತಾ ಹೇಳುತ್ತಾ ಹೋಯಿತು. ಎರಡನೇ ಕೂಸು ಏಳನೇ ದಿನಕ್ಕೆ ಹೋಯಿತು, ಆವತ್ತು ಮಳೆ ಅಂದಿತು. ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಂತುಹೋಯಿತು. ಗಂಡೋ ಹೆಣ್ಣೋ ಅಂತ ಕೇಳಿದೆ. ಹೆಣ್ಣು ಅಂದಿತು. ಆ ಕೂಸಿನ ಮಾತನ್ನು ಅದರ ಹತ್ತಿರ ಯಾರೂ ಯಾವತ್ತೂ ಕೇಳಿರಲಿಲ್ಲವಂತೆ. ಸಂಜೆ ಅಜ್ಜಿಯೇ ಸೊಸೆಯನ್ನು ಹಿತ್ತಲ ಕೋಣೆಗೆ ಕರೆದುಕೊಂಡಿತು. ನಡುಮನೆಗೆ ಅಲ್ಲ. ಹಿತ್ತಲಿಗೆ. ನನಗೆ ಅಷ್ಟೇ ಸಾಕಾಗಿತ್ತು.

ತಪ್ಪನ್ನು ತಪ್ಪು ಅನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಪಕ್ಕದಲ್ಲಿ ಕೂರಿ.

ರಾಗಿಮುದ್ದೆ88

ಸಿಸ್ಟರ್, ನಾನು ಮೇಲೆ ಬರೆದ ಉತ್ತರ ವಾಪಸ್ ತಗೊಳ್ಳುತ್ತೇನೆ.

ಹಾಸನದ_ವಕೀಲ

ಹಿತ್ತಲ ಕೋಣೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಹಟ್ಟಿಗಳಲ್ಲಿ ಮಹಿಳಾ ಭವನ ಕಟ್ಟಿಸಿದ್ದೂ ಇದೇ ಲೆಕ್ಕದಲ್ಲಿ. ಗುಡಿಸಲಿನ ಬದಲು ಗಟ್ಟಿ ಗೋಡೆ, ಫ್ಯಾನು. ಆದರೆ ಹೊರಗೆ ಇಡುವುದು ಹಾಗೇ ಉಳಿಯಿತು. ಸಿಮೆಂಟಿನಲ್ಲಿ ಕಟ್ಟಿದರೆ ಪದ್ಧತಿ ಇನ್ನೂ ಗಟ್ಟಿಯಾಗುತ್ತದೆ.

ನಿವೃತ್ತ_ಸಿಸ್ಟರ್

ಮಳೆಯಲ್ಲಿ ನೆನೆಯುವ ಕೂಸಿಗೆ ನಿಮ್ಮ ತತ್ವ ಆಮೇಲೆ ಮಗಾ. ಮೊದಲು ಸೂರು.

ಹಟ್ಟಿ_ಮಗಳು

ಇಬ್ಬರದೂ ಸರಿ ಅನ್ನಿಸುತ್ತದೆ. ಭವನ ಆದ ಮೇಲೆ ಅಲ್ಲಿ ಮಲಗಿದವಳಿಗೆ ಹಾವಿನ ಭಯ ಇಲ್ಲ, ಅದು ದೊಡ್ಡದು. ಆದರೆ “ಭವನ ಇದೆಯಲ್ಲ, ಇನ್ನೇನು” ಅಂತ ಹೇಳುವುದಕ್ಕೂ ದಾರಿ ಆಯಿತು.

ಬೆಳಗೊಳದ_ಕಡೆಯವ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಹಾಗಾಗಿ ಒಂದು ಕಷ್ಟದ ಪ್ರಶ್ನೆ ಇಡುತ್ತೇನೆ. ನಾನು ಜೈನ. ನಮ್ಮ ಅಜ್ಜ ಸಲ್ಲೇಖನ ತೆಗೆದುಕೊಂಡರು. ಊಟ, ಆಮೇಲೆ ನೀರು, ಒಂದೊಂದಾಗಿ ಬಿಟ್ಟರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬಾ ಹೀಗೆ ದೇಹ ಬಿಟ್ಟವರ ಶಾಸನಗಳಿವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ಮೂರು ವಾರ ನಮ್ಮ ಮನೆಯಲ್ಲಿ ಅಜ್ಜನ ಫೋಟೋ ನೋಡಲೂ ಸಂಕಟ. ನಿಮ್ಮ “ಮೈಮೇಲೆ ನಡೆಯುವ ಪದ್ಧತಿ” ಅನ್ನುವ ಅಳತೆಯಲ್ಲಿ ಅಜ್ಜ ಎಲ್ಲಿ ಬರುತ್ತಾರೆ?

ನಮ್ಮ ಜೈನರ ಅನೇಕಾಂತವಾದ ಅಂದರೆ ಎಲ್ಲರ ಮಾತೂ ಸರಿ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಆನೆಯನ್ನು ಒಬ್ಬ ಕಂಬ ಅಂದ, ಒಬ್ಬ ಮೊರ ಅಂದ. ಒಬ್ಬೊಬ್ಬರಿಗೆ ಒಂದೊಂದು ಕಡೆ ಸಿಕ್ಕಿತು. ಆದರೆ ಆನೆ ಅಲ್ಲಿ ನಿಂತಿದೆ. ಆನೆಯೇ ಇಲ್ಲ ಅಂತ ನಮ್ಮವರು ಯಾರೂ ಹೇಳಲಿಲ್ಲ. ಅನೇಕಾಂತ ಹೇಳಿದವರೇ ಅಹಿಂಸೆಯಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ.

ಹಳೇ_ಚಾವಡಿ

ನಿಮ್ಮ ಅಜ್ಜನವರ ವಿಷಯ ನಿಜಕ್ಕೂ ಕಷ್ಟದ್ದು. ನನಗೆ ತೋಚಿದ್ದು ಇಷ್ಟು. ಅವರು ತಾವೇ ಆರಿಸಿಕೊಂಡರಾ? ನಡುವೆ “ಬೇಡ, ಒಂದು ಲೋಟ ಹಾಲು ಕೊಡಿ” ಅಂದಿದ್ದರೆ ಕೊಡುತ್ತಿದ್ದರಾ, ಇಲ್ಲ ಮನೆ ಮಾನ ಹೋಯಿತು ಅನ್ನುತ್ತಿದ್ದರಾ?

ಬೆಳಗೊಳದ_ಕಡೆಯವ

ಕೊಡುತ್ತಿದ್ದರು. ಅಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದರು. ಅಜ್ಜ ಕೈ ಅಲ್ಲಾಡಿಸುತ್ತಿದ್ದರು. ಎಲ್ಲಾ ಮನೆಯಲ್ಲೂ ಹೀಗೇ ಕೇಳುತ್ತಾರೆ ಅಂತ ಮಾತ್ರ ನಾನು ಹೇಳಲಾರೆ.

ಹಟ್ಟಿ_ಮಗಳು

ನನ್ನನ್ನು ಯಾರೂ ಕೇಳಲಿಲ್ಲ ಅಣ್ಣ. ನನಗೆ ಕಾಣುವ ವ್ಯತ್ಯಾಸ ಅದು.

ಪಿಯು_ಮೇಷ್ಟ್ರು (ಗುರುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ಕ್ಲಾಸು ಮುಗಿಸಿ ಬಂದೆ. ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಹೆರೊಡೋಟಸ್ ಕಥೆಯಿಂದ ಶುರು ಮಾಡಿದೆ, ಮಕ್ಕಳಿಗೆ ಇಷ್ಟವಾಯಿತು. ಆಮೇಲೆ ಹುಡುಗನಿಗೆ ಮೊದಲು ಹೇಳಿದ್ದು, “ನೀನು ಯಾರನ್ನೂ ಕೀಳು ಮಾಡಬಾರದು ಅಂದೆಯಲ್ಲ, ಅದು ಒಳ್ಳೆಯ ಮಾತು, ಅದನ್ನು ಇಟ್ಟುಕೋ” ಅಂತ. ಹಟ್ಟಿ ಮಗಳು ಅವರ ಒಪ್ಪಿಗೆ ಪಡೆದು ಕೆಮ್ಮಿನ ಭಾಗ ಓದಿದೆ. ಹೆಸರು, ಊರು ಯಾವುದೂ ಹೇಳಲಿಲ್ಲ. ಕ್ಲಾಸು ಗಪ್ ಚಿಪ್. “ಅವರಿಗೆ ಸರಿ ಅಂದೆಯಲ್ಲ, ಈ ಕಥೆಯಲ್ಲಿ ಅವರು ಯಾರಪ್ಪಾ?” ಎಂದು ಕೇಳಿದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಸೋತೆ ಅಂತೇನೂ ಹೇಳಲಿಲ್ಲ. ಅವನು ಕೇಳಿದ್ದು ಬೇರೆ. “ಅವರಮ್ಮ ಬೇಲಿ ಪಕ್ಕದಲ್ಲೇ ಇದ್ರಲ್ಲ ಸರ್, ಯಾಕೆ ಒಳಗೆ ಕರ್ಕೊಳ್ಳಲಿಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದಳು. ಅವಳೂ ಹಟ್ಟಿಯವಳಲ್ಲ. “ಸರ್, ನಮ್ಮನೇಲೂ ಮೂರು ದಿನ ಮೂಲೇಲಿ ಚಾಪೆ. ಲೋಟ ಬೇರೆ. ನೀರು ಮೇಲಿಂದ ಹೊಯ್ತಾರೆ. ನೀವು ಗೊಲ್ಲರಹಟ್ಟಿ ಪಾಠ ಮಾತ್ರ ಯಾಕೆ ಮಾಡ್ತೀರಿ?” ಎಂದಳು. ಇನ್ನೂ ಐದಾರು ಹುಡುಗಿಯರು ತಲೆ ಆಡಿಸಿದರು. ಹುಡುಗರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ. ನನಗೂ. ನಮ್ಮ ಮನೆಯಲ್ಲಿ ನನ್ನ ತಾಯಿ ಇದ್ದಷ್ಟು ದಿನ ಇದೇ ನಡೆಯುತ್ತಿತ್ತು. ನಾನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ಕ್ಲಾಸಿನಲ್ಲೇ ಹೇಳಿದೆ. ಮುಂದಿನ ವಾರ ಆ ಹುಡುಗಿಯ ಪ್ರಶ್ನೆಯಿಂದಲೇ ಪಾಠ.

ಕಾಡುದಾರಿ

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ ಮೇಷ್ಟ್ರೇ. ಹೊರಗಿನವರು ಮೊದಲು ತಮ್ಮ ಮನೆ ನೋಡಿಕೊಂಡು ಮಾತಾಡಿದರೆ ನನ್ನ ಅರ್ಧ ತಕರಾರು ಹೋಗುತ್ತದೆ.

ಬೆಳಗೊಳದ_ಕಡೆಯವ

ಸಲ್ಲೇಖನದ ಪ್ರಶ್ನೆಯನ್ನೂ ಒಂದು ದಿನ ಕ್ಲಾಸಿನಲ್ಲಿ ಇಡಿ ಸರ್. ಮಕ್ಕಳು ಏನು ಹೇಳಿದರೂ ಇಲ್ಲಿ ಬರೆಯಿರಿ. ಬೇಜಾರಿಲ್ಲ.

ಹಟ್ಟಿ_ಮಗಳು

ಆ ಹುಡುಗ ಕೇಳಿದ್ದನ್ನು ನಾನೂ ಅವ್ವನನ್ನು ಕೇಳಿದ್ದೆ, ಕೆಲಸ ಸಿಕ್ಕ ವರ್ಷ. “ನಾನೊಬ್ಬಳೇ ಹೆಂಗೆ ಕರೀಲಿ? ನಾಳೆ ಹಟ್ಟೀಲಿ ದನ ಸತ್ರೂ ನಿನ್ನಿಂದ ಅಂತಾರೆ” ಅಂದಿದ್ದಳು.

ಈಗ ನನ್ನ ತಂಗಿ ಮನೆಯೊಳಗೇ ಇರುತ್ತಾಳೆ. ನಮ್ಮವ್ವ, ಪಕ್ಕದ ಮನೆ ಚಿಕ್ಕಮ್ಮ, ಮೇಲಿನ ಮನೆ ಅತ್ತೆ, ಮೂವರೂ ಮಾತಾಡಿಕೊಂಡು ಒಂದೇ ತಿಂಗಳು ಮೂರೂ ಮನೆಯ ಹುಡುಗಿಯರನ್ನು ಒಳಗೆ ಉಳಿಸಿಕೊಂಡರು. ಯಾರದು ಮೊದಲು ಅಂತ ಯಾರಿಗೂ ಗೊತ್ತಾಗಬಾರದು ಅಂತ. ಆ ಹುಡುಗನಿಗೆ ಇದನ್ನು ಹೇಳಿ ಸರ್. ಆ ವರ್ಷ ದನ ಯಾವುದೂ ಸಾಯಲಿಲ್ಲ. ಒಂದು ಮೇಕೆ ಸತ್ತಿತು, ಅದು ಮುದಿಯಾಗಿತ್ತು. ಅವ್ವ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಯಾರೂ ಏನೂ ಅನ್ನಲಿಲ್ಲ.